ಟ್ರ್ಯಾಕ್ ಕಾರಿನ ಟೈರ್‌ಗೆ ಗಾಳಿ: ಏನನ್ನು ಹೊತ್ತೊಯ್ಯಬೇಕು?

ರೇಸ್ ಟ್ರ್ಯಾಕ್‌ಗೆ ಕಾರು ಒಯ್ಯುವವರು ದಿನವಿಡೀ ಮಾಡುವುದು ಟೈರಿನಿಂದ ಗಾಳಿ ಬಿಡುವ ಕೆಲಸ, ತುಂಬಿಸುವ ಕೆಲಸವಲ್ಲ. 20 ಡಿಗ್ರಿಯಲ್ಲಿ 30 ಪಿಎಸ್‌ಐ ಇದ್ದ ಟೈರಿನ ಒಳಗಾಳಿ ಓಟದ ಬಿಸಿಗೆ 80 ಡಿಗ್ರಿ ಮುಟ್ಟಿದರೆ ಗೇಜ್ 39ರ ಹತ್ತಿರ ಬಂದು ನಿಲ್ಲುತ್ತದೆ. ಹೆಚ್ಚಾದದ್ದನ್ನು ಬಿಸಿಯಲ್ಲೇ ಬಿಟ್ಟು ಮತ್ತೆ ಓಡಿಸುತ್ತೀರಿ. ಸಂಜೆ ಟೈರ್ ತಣಿದಾಗ ರಸ್ತೆಗೆ ಬೇಕಾದುದಕ್ಕಿಂತ ಎಂಟು–ಹತ್ತು ಪಿಎಸ್‌ಐ ಕಡಿಮೆ ಉಳಿದಿರುತ್ತದೆ. ಮನೆಗೆ ಹೊರಡುವ ಆ ಹೊತ್ತಿಗೆ ಗಾಳಿ ಬೇಕು.

ಆದ್ದರಿಂದ ಮೊದಲ ಹೆಜ್ಜೆ ಅಂಗಡಿಗಲ್ಲ, ಲೆಕ್ಕಕ್ಕೆ. ಸಾಧಾರಣ ಕಾರಿನ ಟೈರಿನ ಒಳಜಾಗ ಸುಮಾರು 30 ಲೀಟರ್ ಎಂದಿಟ್ಟುಕೊಳ್ಳಿ. 10 ಪಿಎಸ್‌ಐ ಎಂದರೆ ಸುಮಾರು 0.7 ಬಾರ್; ಒಂದು ಬಾರ್ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡ. ಹೊರಗಿನ ಗಾಳಿಯ ಲೆಕ್ಕದಲ್ಲಿ ಒಂದು ಟೈರಿಗೆ 30ರ 0.7 ಪಟ್ಟು, ಅಂದರೆ 21 ಲೀಟರ್, ನಾಲ್ಕಕ್ಕೂ ಸೇರಿ 85 ಲೀಟರಿನ ಆಸುಪಾಸು. ಪೂರ್ತಿ ಇಳಿದುಹೋದ ಒಂದೇ ಟೈರಿಗೆ ಮಾತ್ರ 70 ಲೀಟರ್ ಬೇಕಾದೀತು.

ಇನ್ನು ಆಯ್ಕೆ. ಮನೆಯ ಕಂಪ್ರೆಸರ್‌ನಿಂದ 8 ಬಾರ್‌ವರೆಗೆ ತುಂಬಿಸಿ ಒಯ್ಯುವ 20 ಲೀಟರಿನ ಗಾಳಿ ಟ್ಯಾಂಕ್ ಅಗ್ಗದ ದಾರಿ. ಅದರ ಒತ್ತಡ ಟೈರಿನ ಒತ್ತಡಕ್ಕೆ ಇಳಿದ ಮೇಲೆ ಹರಿವು ನಿಲ್ಲುವುದರಿಂದ ಕೈಗೆ ಸಿಗುವುದು 110 ಲೀಟರ್ ಮಾತ್ರ. ಒಂದು ಸಂಜೆಗೆ ಸಾಕು. ಗೆಳೆಯನ ಕಾರಿಗೂ ಕೊಡುತ್ತೇನೆಂದರೆ ಸಾಲದು. ಕಾರಿನ ಬ್ಯಾಟರಿಯಿಂದ ನಡೆಯುವ ಪುಟ್ಟ ಕಂಪ್ರೆಸರ್‌ಗೆ ಗಾಳಿ ಮುಗಿಯುವ ಚಿಂತೆಯೇ ಇಲ್ಲ, ತಾಳ್ಮೆ ಮುಗಿಯುವ ಚಿಂತೆ ಉಂಟು. ಹೊರಗಿನ ತೇವವನ್ನೂ ಅದು ಟೈರಿಗೆ ಸೇರಿಸುತ್ತದೆ. ವರ್ಷಕ್ಕೆ ಎರಡು ಬಾರಿ ಟ್ರ್ಯಾಕ್‌ಗೆ ಹೋಗುವವರು ಇದರಾಚೆ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಪದೇ ಪದೇ ಹೋಗುವವರು ಸಿಲಿಂಡರ್ ಕಡೆ ನೋಡಬಹುದು. 150 ಬಾರ್‌ಗೆ ತುಂಬಿದ 10 ಲೀಟರಿನ ಸಾರಜನಕದ ಸಿಲಿಂಡರ್ ಸುಮಾರು 1500 ಲೀಟರ್ ಕೊಡುತ್ತದೆ. ಸಾರಜನಕ ತುಂಬಿದರೆ ಬಿಸಿಗೆ ಒತ್ತಡ ಏರುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ. ಗಾಳಿಯಲ್ಲೇ ಅದು ನೂರಕ್ಕೆ 78 ಭಾಗ ಇದೆ. ಸಿಲಿಂಡರಿನದ್ದು ಒಣ ಅನಿಲ, ಆದ್ದರಿಂದ ಏರಿಕೆ ಪ್ರತಿ ಸಲವೂ ಒಂದೇ ರೀತಿ ಇರುತ್ತದೆ. ಲಾಭ ಅಷ್ಟೇ. ಮುಳುಗುಗಾರರ ಸಿಲಿಂಡರಿನ ಗಾಳಿಯೂ ಹೀಗೆಯೇ ಒಣಗಿದ್ದು.

ಗಾತ್ರಕ್ಕೆ ಹೋಲಿಸಿದರೆ ಇಂಗಾಲದ ಡೈಆಕ್ಸೈಡ್‌ ಎಲ್ಲವನ್ನೂ ಮೀರಿಸುತ್ತದೆ. ಅದು ದ್ರವವಾಗಿ ಕುಳಿತಿರುವುದರಿಂದ ಎರಡು ಕಿಲೋ ತುಂಬಿದ ಪುಟ್ಟ ಸಿಲಿಂಡರಿನಿಂದ ಸಾವಿರ ಲೀಟರಿಗೂ ಹೆಚ್ಚು ಅನಿಲ ಬರುತ್ತದೆ. ಆದರೆ ಅದರ ಗೇಜ್ ಮೋಸಗಾರ. 20 ಡಿಗ್ರಿಯಲ್ಲಿ ದ್ರವ ಅರ್ಧವಿದ್ದರೂ 57 ಬಾರ್, ಕೊನೆಯ ಹನಿ ಉಳಿದಿದ್ದರೂ 57 ಬಾರ್. ಎಷ್ಟು ಉಳಿದಿದೆ ಎಂದು ತಿಳಿಯಲು ತಕ್ಕಡಿಯೇ ಗತಿ: ಸಿಲಿಂಡರಿನ ಮೇಲೆ ಕೊರೆದಿರುವ ಖಾಲಿ ತೂಕವನ್ನು ಕಳೆದು ನೋಡಿ. ಬಳಸುವಾಗ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ, ಅಂದರೆ ಒತ್ತಡ ಇಳಿಸಿಕೊಡುವ ಸಾಧನಕ್ಕೆ, ನುಗ್ಗುತ್ತದೆ. ಈ ಅನಿಲ ರಬ್ಬರಿನಿಂದ ಬೇಗ ಸೋರುತ್ತದೆ ಎಂಬ ದೂರು ನಿಜ, ಆದರೆ ದಿನಕ್ಕೆ ಐದು ಬಾರಿ ಒತ್ತಡ ನೋಡುವವರಿಗೆ ಅದೊಂದು ದೂರೇ ಅಲ್ಲ.

ಯಾವ ಸಿಲಿಂಡರನ್ನೇ ಕೊಂಡರೂ ಅದೇ ಅನಿಲಕ್ಕೆಂದು ಮಾಡಿದ ರೆಗ್ಯುಲೇಟರ್ ಇಲ್ಲದೆ ಟೈರಿಗೆ ಜೋಡಿಸಬಾರದು. 150 ಬಾರ್ ನೇರವಾಗಿ ಹರಿದರೆ ಟೈರ್ ಬಾಂಬಿನಂತೆ ಸಿಡಿಯುತ್ತದೆ. ಆಮ್ಲಜನಕ, ಅಡುಗೆ ಅನಿಲ ಇವೆರಡರ ಯೋಚನೆಯೂ ಬೇಡ. ಕೊಳ್ಳುವಾಗ ಸಿಲಿಂಡರಿನ ಕುತ್ತಿಗೆಯ ಮೇಲೆ ಒತ್ತಡ ಪರೀಕ್ಷೆಯ ದಿನಾಂಕ ನೋಡಿ. ಅವಧಿ ಮೀರಿದ್ದರೆ ಮತ್ತೆ ತುಂಬಿಸಿಕೊಡುವವರು ಸಿಗುವುದು ಕಷ್ಟ. ಕಾರಿನಲ್ಲಿ ಉರುಳದಂತೆ ಪಟ್ಟಿ ಬಿಗಿದು ಸಾಗಿಸಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ, ಡೈಆಕ್ಸೈಡ್‌ ಸಿಲಿಂಡರನ್ನಂತೂ ಬೇಡವೇ ಬೇಡ. ಕಾದಾಗ ಅದರ ಒತ್ತಡ ಒಮ್ಮೆಲೇ ಏರಿ ಸುರಕ್ಷತಾ ಬಿಲ್ಲೆ ಒಡೆದರೆ ಉಸಿರುಗಟ್ಟಿಸುವ ಅನಿಲ ಕಾರಿನ ತುಂಬ ಹರಡುತ್ತದೆ.

ತುಂಬಿಸುವಾಗ ಒಂದು ಸೂಕ್ಷ್ಮವಿದೆ. ಡೈಆಕ್ಸೈಡ್‌ ಹಿಗ್ಗುತ್ತಾ ತಣ್ಣಗಾಗುತ್ತದೆ. ಹೆಚ್ಚು ಹೊತ್ತು ಹರಿಸಿದರೆ ರೆಗ್ಯುಲೇಟರ್ ಮೇಲೆ ಬಿಳಿಯ ಹಿಮ ಕೂರುವುದು ಕಾಣುತ್ತದೆ. ಆ ತಣ್ಣನೆಯ ಅನಿಲ ಟೈರಿನೊಳಗೆ ಬೆಚ್ಚಗಾದ ಮೇಲೆ ಒತ್ತಡ ತುಸು ಏರುತ್ತದೆ. ಹತ್ತು ನಿಮಿಷ ಬಿಟ್ಟು, ದಿನವಿಡೀ ಬಳಸಿದ ಅದೇ ಗೇಜ್‌ನಿಂದ ಇನ್ನೊಮ್ಮೆ ಅಳೆದು ಹೊರಡಿ.