ಹುಲಿಯ ರಕ್ತದಲ್ಲಿ ಪರೋಪಜೀವಿ ಹುಡುಕುವ ಕೆಲಸ: ನನ್ನ ಅನುಭವ

ಮೃಗಾಲಯದ ಹುಲಿ, ಸಿಂಹ, ಚಿರತೆಗಳು ಕಾಯಿಲೆಯನ್ನು ಸುಲಭಕ್ಕೆ ತೋರಿಸಿಕೊಳ್ಳುವುದಿಲ್ಲ. ಊಟ ಬಿಟ್ಟು ಮೂಲೆ ಸೇರುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಚೆನ್ನಾಗಿರುವಾಗಲೇ ರಕ್ತ ನೋಡಿಬಿಡುತ್ತೇನೆ. ಹಾಗಂತ ಸುಮ್ನೆ ರಕ್ತಕ್ಕೋಸ್ಕರ ಅರಿವಳಿಕೆ ಕೊಡುವುದಿಲ್ಲ. ಗಾಯಕ್ಕೋ ಹಲ್ಲಿಗೋ ಕೊಟ್ಟಾಗ ಜೊತೆಗೇ ತೆಗೆದುಕೊಳ್ಳುತ್ತೇನೆ. ಸ್ಕ್ವೀಜ್ ಕೇಜಿಗೆ (ಗೋಡೆ ಸರಿಸಿ ಪ್ರಾಣಿ ಅಲುಗಾಡದಂತೆ ಹಿಡಿಯುವ ಬೋನು) ಪಳಗಿದ ಪ್ರಾಣಿಯಾದರೆ ಅರಿವಳಿಕೆಯೂ ಬೇಕಿಲ್ಲ. ಮುಂದೆ ಕೀಪರ್ ಮಾಂಸದ ಚೂರು ತಿನ್ನಿಸುತ್ತಿದ್ದರೆ, ಹಿಂದೆ ಬಾಲದ ರಕ್ತನಾಳಕ್ಕೆ ನಾನು ಸೂಜಿ ಹಾಕುತ್ತೇನೆ. ನಿಜವಾದ ಕಷ್ಟದ ಕೆಲಸ ಕೀಪರ್‌ದು, ನನ್ನದಲ್ಲ.

ರಕ್ತ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿಗೆ ಹೋಗುತ್ತದೆ. ಅದೇ ಕೆಲಸ ಮಾಡುವ ಹೆಪಾರಿನ್ ಬಳಸುವುದಿಲ್ಲ, ಪರೋಪಜೀವಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಅಡ್ಡಿ ಮಾಡುತ್ತದೆ. ಸ್ಮಿಯರ್ (ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಎಳೆದ ರಕ್ತದ ಪದರ) ಮಾತ್ರ ಬೋನಿನ ಪಕ್ಕದಲ್ಲೇ, ಸೂಜಿ ತುದಿಯ ಹನಿಯಿಂದಲೇ ಎಳೆಯುತ್ತೇನೆ. ಟ್ಯೂಬಿನಲ್ಲಿ ಗಂಟೆಗಟ್ಟಲೆ ಕೂತ ರಕ್ತದ ಕಣಗಳು ಆಕಾರ ಕೆಡುತ್ತವೆ.

ಇನ್ನೊಂದು ಹನಿಗೆ ಕವರ್ ಸ್ಲಿಪ್ (ತೆಳು ಗಾಜು) ಹಾಕಿ ಹಸಿಯಾಗಿಯೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಟ್ರಿಪನೊಸೋಮಾ ಇವಾನ್ಸೈ ಎಂಬ ಪರೋಪಜೀವಿ ಇದ್ದರೆ ಮೊದಲು ಕಾಣುವುದು ಅದಲ್ಲ. ಸುತ್ತಲಿನ ಕೆಂಪು ಕಣಗಳು ಯಾರೋ ತಳ್ಳಿದಂತೆ ಅಲುಗಾಡುತ್ತವೆ. ಕಣ್ಣು ಅಲ್ಲೇ ನಿಲ್ಲಿಸಿದರೆ, ನಡುವೆ ತೆಳ್ಳಗೆ ಉದ್ದಕ್ಕಿರುವ ಜೀವಿ ಹೊರಳಾಡುವುದು ಕಾಣುತ್ತದೆ. ಇದು ತರುವ ಕಾಯಿಲೆಯೇ ಸರ್ರಾ. ಕಚ್ಚುವ ನೊಣಗಳಿಂದ ಹರಡುತ್ತದೆ. ಸೋಂಕಿದ ಜಾನುವಾರಿನ ಹಸಿ ಮಾಂಸದಿಂದಲೂ ಬರುತ್ತದೆ. ಹಾಗಾಗಿ ಊಟದ ಮಾಂಸ ಎಲ್ಲಿಂದ ಬಂತು ಅಂತ ಕೇಳದೆ ಬಿಡುವುದಿಲ್ಲ.

ಒಣಗಿದ ಸ್ಮಿಯರನ್ನು ಮೆಥನಾಲಿನಲ್ಲಿ ಅದ್ದಿ, ಜೀಮ್ಸಾ ಬಣ್ಣದಲ್ಲಿ ಸುಮಾರು ಅರ್ಧ ಗಂಟೆ ಇಡುತ್ತೇನೆ. ಆಮೇಲೆ ಎಣ್ಣೆ ಹಾಕಿ 100ಎಕ್ಸ್ ಲೆನ್ಸ್‌ನಲ್ಲಿ ಹುಡುಕಾಟ. ಬೆಬೆಸಿಯಾ, ಸೈಟಾಕ್ಸೋವಾನ್ ಎಂಬ ಪರೋಪಜೀವಿಗಳು ಕೆಂಪು ಕಣದೊಳಗೆ ಸಣ್ಣ ಉಂಗುರದಂತೆ ಕೂತಿರುತ್ತವೆ. ಇನ್ನೊಂದು ಪರೋಪಜೀವಿ ಹೆಪಟೋಜೋವಾನ್ ಬಿಳಿ ಕಣದೊಳಗೆ ಮಾತ್ರೆಯ ಆಕಾರದಲ್ಲಿರುತ್ತದೆ. ದಾರಿ ತಪ್ಪಿಸುವವೂ ಜಾಸ್ತಿ. ಕೆಂಪು ಕಣದ ಮೇಲೆ ಕೂತ ಪ್ಲೇಟ್‌ಲೆಟ್, ಬೆಕ್ಕಿನ ಜಾತಿಯಲ್ಲಿ ಮಾಮೂಲಾಗಿ ಕಾಣುವ ಹೋವೆಲ್-ಜಾಲಿ ಚುಕ್ಕೆ (ಕೆಂಪು ಕಣದಲ್ಲಿ ಉಳಿದ ನ್ಯೂಕ್ಲಿಯಸ್ಸಿನ ಚೂರು), ಬಣ್ಣದ ಕಸ, ಎಲ್ಲವೂ ಪರೋಪಜೀವಿಯಂತೆಯೇ ಕಾಣುತ್ತವೆ. ಅನುಮಾನ ಬಂದರೆ ಫೋಕಸ್ಸನ್ನು ಚೂರೇ ಚೂರು ತಿರುಗಿಸುತ್ತೇನೆ. ಕಸವಾದರೆ ಕಣಕ್ಕಿಂತ ಬೇರೆ ಮಟ್ಟದಲ್ಲಿ ಮಿಂಚುತ್ತದೆ.

ಏನೂ ಸಿಗದಿದ್ದರೆ ಪ್ರಾಣಿ ಕ್ಲೀನ್ ಅಂತ ಬರೆಯುವುದಿಲ್ಲ. ಹಳೆಯ ಸೋಂಕಿನಲ್ಲಿ ಪರೋಪಜೀವಿಗಳು ಎಷ್ಟು ಕಡಿಮೆ ಎಂದರೆ, ಇಡೀ ಸ್ಲೈಡ್ ಜಾಲಾಡಿದರೂ ಒಂದೂ ಸಿಗದಿರಬಹುದು. ಅದೇ ರಕ್ತವನ್ನು ಈ ಪರೋಪಜೀವಿಗಳಲ್ಲಿರುವ 18ಎಸ್ ಎಂಬ ಜೀನಿನ ಪಿಸಿಆರ್‌ಗೆ ಕಳಿಸುತ್ತೇನೆ. ಪಾಸಿಟಿವ್ ಬಂದರೆ, ಯಾವ ಜಾತಿ ಅಂತ ತಿಳಿಯಲು ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳ ಕ್ರಮ ಓದುವುದು) ಕೂಡ ಮಾಡಿಸಬೇಕು. ಬೆಬೆಸಿಯಾ, ಸೈಟಾಕ್ಸೋವಾನ್‌ಗಳ ಉಂಗುರ ನೋಡಿ ಇದು ಇದೇ ಅಂತ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಪಾಸಿಟಿವ್ ಅಂದ ತಕ್ಷಣ ಔಷಧಿಗೆ ಕೈ ಹಾಕುವುದೂ ಇಲ್ಲ. ಹೆಪಟೋಜೋವಾನ್ ಇದ್ದೂ ಆರಾಮಾಗಿ ತಿಂದುಂಡಿರುವ ಪ್ರಾಣಿಗಳು ಬೇಕಾದಷ್ಟಿವೆ. ರಕ್ತಹೀನತೆ ಇದೆಯಾ, ಪ್ಲೇಟ್‌ಲೆಟ್ ಇಳಿದಿದೆಯಾ, ಮೈಮೇಲೆ ಉಣ್ಣಿ ಇದೆಯಾ, ಮೊದಲು ಅದನ್ನು ನೋಡುತ್ತೇನೆ. ಟ್ರಿಪನೊಸೋಮಾ ಆದರೆ ಮಾತ್ರ ಕಾಯುವ ಮಾತೇ ಇಲ್ಲ. ಅವತ್ತೇ ಚಿಕಿತ್ಸೆ ಶುರು, ಜೊತೆಗೆ ಅದೇ ಮಾಂಸ ತಿಂದ ಬೇರೆ ಬೋನುಗಳ ಪ್ರಾಣಿಗಳದ್ದೂ ರಕ್ತ ಪರೀಕ್ಷೆ.