ಮೊಳಕಿ ಕೀಳೋ ಕಾಗಿ ಕಾಯೋದು ಹ್ಯಾಂಗ

ಮೆಕ್ಕಿಜೋಳ ಬಿತ್ತಿದ 5-6 ದಿನಕ್ಕ ನಮ್ಮ ಚಿಂಚೋಳಿ ಕಡೆ ಹೊಲದಾಗ ಕಾಗಿ ಇಳೀತಾವ. ಸೂಜಿಯಂಥ ಮೊಳಕಿ ಕಚ್ಚಿ ಎಳೆದು, ಬುಡದ ಕಾಳಷ್ಟೇ ನುಂಗಿ, ಹಸರ ಎಳಿ ಅಲ್ಲೇ ಒಗೀತಾವ. ನೋಡಿದ್ರ ಹೊಟ್ಟಿ ಉರೀತದ. ಅದಕ್ಕ ಬೀಜ 2 ಇಂಚು ಆಳಕ್ಕ ಬೀಳಲಿ, ಮ್ಯಾಲ ಕಾಳು ಚೆಲ್ಲಬಾರದು. ಮಿಂಚೋ ರಿಬ್ಬನ್ ತಿರುವಿ ಗೂಟಕ್ಕ ಬಿಗೀರಿ, ಗಾಳಿಗೆ ಫರಫರ ಸಪ್ಪಳ ಬರಬೇಕು. ಎರಡು ದಿನಕ್ಕೊಮ್ಮೆ ಜಾಗ ಬದಲಿಸ್ರಿ. ಕಾಗಿ ಭಾಳ ಶಾಣ್ಯಾ, ನಿಂತಲ್ಲೇ ನಿಂತ ಬೆದರುಗೊಂಬಿಗೆ ಅಂಜಲ್ಲ. ಎರಡು ವಾರ ಕಾಯ್ರಿ, ಬೇರು ಗಟ್ಟಿ ಹಿಡೀತದ.

ಕೋಳಿಮರಿನೂ ಕಾಗಿ ಒಯ್ಯಬಾರದಂದ್ರ, ಮರಿ ಬಿಡೋ ಜಾಗಕ್ಕ ಮ್ಯಾಲ ಬಲಿ ಕಟ್ರಿ. ಉಳಿದ ಅನ್ನ, ಸತ್ತ ಮರಿ ತಿಪ್ಪಿಗೆ ಒಗೀಬ್ಯಾಡ್ರಿ, ಹುಗೀರಿ. ಕಾಗಿ ಗುಂಪು ಕೂಡೋದು ಅದಕ್ಕೇ. ವಿಷ ಮಾತ್ರ ಇಡಬ್ಯಾಡ್ರಿ, ನಾಯಿ, ನವಿಲು ಸಾಯ್ತಾವ. ರಂಟಿ ಹೊಡಿಯುವಾಗ ಹಿಂದ ಹಿಂದ ಬಂದು, ಬೆಳಿ ಬೇರು ತಿನ್ನೋ ಗೊಣ್ಣಿಹುಳ ಆರಿಸೋದೂ ಇದೇ ಕಾಗಿ.