ಹಳೇ ಕೋಟನ್ನು ಒಳಮೈ ತಿರುಗಿಸಿ ನೋಡಿ

ಮೊಮ್ಮಗ ಹೋದ ತಿಂಗಳು ಹಳೇ ಉಣ್ಣೆ ಕೋಟೊಂದನ್ನು ಕೊಂಡು ಮಂಗಳೂರಿಗೆ ತಂದ. ನೋಡಲಿಕ್ಕೆ ಬಹಳ ಚಂದ ಉಂಟು. ಒಳಮೈ ತಿರುಗಿಸಿದರೆ ಕಂಕುಳಲ್ಲಿ ಅಸ್ತರು ಹರಿದಿತ್ತು, ಕಾಲರಿನಡಿ ನುಸಿ ತಿಂದ ಮೂರು ತೂತು. ನಮ್ಮ ಮನೆಯವರು ಕೋರ್ಟಿಗೆ ಹಾಕುತ್ತಿದ್ದ ಕೋಟುಗಳನ್ನು 40 ಮಳೆಗಾಲ ಕಾಯ್ದವಳು ನಾನು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅಂಗಡಿಯಲ್ಲಿ ಮೊದಲು ಮೂಸಿ ನೋಡಿ. ಬರೇ ಪೆಟ್ಟಿಗೆಯ ವಾಸನೆಯಾದರೆ ನಾಲ್ಕು ದಿನ ಗಾಳಿಗೆ ಹಾಕಿದರೆ ಹೋಗುತ್ತದೆ. ಬೂಷ್ಟಿನ ಕರಿಚುಕ್ಕೆ ಕೂತಿದ್ದರೆ ಹೋಗುವುದು ಕಷ್ಟ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ, ಸೂಜಿಮೊನೆಯಷ್ಟು ತೂತಿದ್ದರೂ ಕಾಣುತ್ತದೆ.

ಇನ್ನು ಮುಖ್ಯ ಪರೀಕ್ಷೆ. ಮುಂಭಾಗದಲ್ಲಿ ಕೆಳಗಿನ ಕಾಜಾದ ಹತ್ತಿರ ಹೊರಬಟ್ಟೆಯನ್ನು ಒಂದು ಕೈಯಲ್ಲಿ, ಒಳಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಚಿವುಟಿ ಹಿಡಿದು ಮೆಲ್ಲಗೆ ಎಳೆಯಿರಿ. ನಡುವೆ ಮೂರನೆಯ ಪದರವೊಂದು ಸಡಿಲವಾಗಿ ಜಾರಿದರೆ ಅದು ಕೋಟಿಗೆ ಆಕಾರ ಕೊಡಲಿಕ್ಕೆ ದಾರದಲ್ಲಿ ಹೊಲಿದ ಗಟ್ಟಿ ಬಟ್ಟೆ, ಕ್ಯಾನ್ವಾಸ್. ಹೊರಬಟ್ಟೆಯೇ ದಪ್ಪವಾಗಿ ಬಿರುಸಾಗಿದ್ದರೆ ಪೇಸ್ಟಿಂಗ್ ಮಾಡಿದ್ದು, ಅಂದರೆ ಆ ಪದರವನ್ನು ಹೊಲಿಯದೆ ಹೊರಬಟ್ಟೆಗೆ ಅಂಟಿಸಿದ್ದು. ಪೇಸ್ಟಿಂಗಿನ ಅಂಟು ಹಳತಾಗಿ ಬಿಟ್ಟರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ, ಮತ್ತೆ ಅದನ್ನು ಸರಿಮಾಡುವುದು ಟೈಲರಿಗೂ ಕಷ್ಟವೇ. ಕ್ಯಾನ್ವಾಸಿನ ಕೋಟು ಹಾಗಲ್ಲ, ಹಾಕಿದಷ್ಟೂ ಹಾಕಿದವರ ಮೈಗೆ ಒಗ್ಗುತ್ತಾ ಬರುತ್ತದೆ. ಹಳೇ ಕೈಹೊಲಿಗೆಯ ಬೆಲೆ ಗೊತ್ತಾಗುವುದು ಅಲ್ಲಿ.

ಚೀಟಿಯಲ್ಲಿರುವ ಸೈಜನ್ನು ನಂಬಬೇಡಿ, ಟೇಪು ಕೊಂಡುಹೋಗಿ. ಸೊಂಟ, ತೋಳಿನ ಉದ್ದ ಆಲ್ಟರ್ ಮಾಡಿಸಬಹುದು. ಭುಜ ಕೂರದಿದ್ದರೆ ಎಷ್ಟೇ ಆಸೆಯಾದರೂ ಅಲ್ಲೇ ಬಿಟ್ಟು ಬನ್ನಿ. ಪ್ಯಾಂಟಾದರೆ ಹಿಂಬದಿ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಹಳೇ ಟೈಲರುಗಳು ಅಲ್ಲಿ ಧಾರಾಳವಾಗಿ ಬಿಡುತ್ತಿದ್ದರು, ಹೊಟ್ಟೆ ಬಂದರೆ ಬಿಡಿಸಲಿಕ್ಕೆ. ಉಣ್ಣೆಯೋ ಅಲ್ಲವೋ ಎಂಬ ಸಂಶಯ ಬಂದರೆ, ಕೊಂಡ ಮೇಲೆ ಹೊಲಿಗೆಯ ಒಳಗೆ ಬಿಟ್ಟ ಆ ಬಟ್ಟೆಯಿಂದ ಒಂದೆಳೆ ತೆಗೆದು ಸುಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಟೆರಿಲಿನ್, ಅಂದರೆ ಪಾಲಿಯೆಸ್ಟರ್.

ನಮ್ಮ ಸೆಕೆಗೆ ಹೇಳಿದ್ದು ಮಾತ್ರ ಹತ್ತಿಯ ಡ್ರಿಲ್, ಓರೆಗೆರೆ ನೇಯ್ಗೆಯ ಗಟ್ಟಿ ಬಟ್ಟೆ. 1850ರ ದಶಕದಲ್ಲಿ ಇಲ್ಲೇ ಬಲ್ಮಠದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬವರು ಖಾಕಿ ಬಣ್ಣ ತಯಾರಿಸಿದರೆಂದು ನಮ್ಮೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಡ್ರಿಲ್ಲಿನ ಹಳೇ ಖಾಕಿ ಪ್ಯಾಂಟು ಸಿಕ್ಕಿದರೆ ತೆಗೆದುಕೊಳ್ಳಿ, ಒಗೆದಷ್ಟೂ ಮೆತ್ತಗಾಗುತ್ತದೆ. ಶರ್ಟಿನ ಕಾಲರು ಮಡಿಕೆಯಲ್ಲಿ ಸವೆದಿದ್ದರೆ ಬಿಸಾಡಬೇಡಿ. ಹೊಲಿಗೆ ಬಿಚ್ಚಿ, ಕಾಲರನ್ನು ಮಗುಚಿ ಮತ್ತೆ ಹೊಲಿಸಿದರೆ ಸವೆದ ಬದಿ ಅಡಿಗೆ ಹೋಗುತ್ತದೆ. ನನಗಿದು ಅತ್ತೆ ಕಲಿಸಿದ್ದು.

ಕೊಂಡು ತಂದದ್ದನ್ನು ಸೀದಾ ಕಪಾಟಿಗೆ ಸೇರಿಸಬೇಡಿ, ಒಂದರ ನುಸಿ ಎಲ್ಲಕ್ಕೂ ಹಬ್ಬುತ್ತದೆ. ಡ್ರೈಕ್ಲೀನ್ ಮಾಡಿಸಿಯೇ ಒಳಗಿಡಿ. ಬೆವರು, ಸಾರಿನ ಕಲೆ ಇದ್ದಲ್ಲೇ ಹುಳ ಮೊದಲು ತಿನ್ನುವುದು. ಡ್ರೈಕ್ಲೀನಿನವರು ಹಾಕಿಕೊಡುವ ಪ್ಲಾಸ್ಟಿಕ್ ಚೀಲವನ್ನು ಅಂದೇ ತೆಗೆಯಿರಿ, ನಮ್ಮ ಜೂನ್ ತಿಂಗಳ ತೇವಕ್ಕೆ ಅದರೊಳಗೆ ಬೂಷ್ಟು ಖಂಡಿತ. ಒಗೆದ ಹಳೇ ಪಂಚೆಯನ್ನು ಮುಸುಕು ಹಾಕಿ, ಅಗಲ ಭುಜದ ಮರದ ಹ್ಯಾಂಗರಿನಲ್ಲಿ ತೂಗಿಸಿ, ಗೋಡೆಗೆ ತಾಗದ ಹಾಗೆ. ಡಾಂಬರು ಗುಳಿಗೆಯನ್ನು ಬಟ್ಟೆಗೆ ಮುಟ್ಟಿಸದೆ ಚಿಕ್ಕ ಚೀಲದಲ್ಲಿ ಮೇಲಿನ ತಟ್ಟಿನಲ್ಲಿಡಿ. ಅದರ ಆವಿ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಒಂದು ಗಂಟೆ ಬಿಸಿಲು ಬಂದರೂ ಕಪಾಟಿನ ಬಾಗಿಲು ತೆರೆದುಬಿಡಿ. ಮಳೆ ಬಿಟ್ಟ ಮೇಲೆ, ನವರಾತ್ರಿ ಕಳೆದು, ಕೋಟುಗಳನ್ನು ಒಳಮೈ ತಿರುಗಿಸಿ ಜಗಲಿಯ ನೆರಳಲ್ಲಿ ಗಾಳಿಗೆ ಹಾಕಿ, ಬ್ರಷ್‌ನಿಂದ ಉಜ್ಜಿ.

ಮೊಮ್ಮಗನ ಕೋಟನ್ನು ರಫೂ ಮಾಡುವವರಿಗೆ ಕೊಟ್ಟಿದ್ದೇನೆ. ಅದರದ್ದೇ ಒಳಹೊಲಿಗೆಯಿಂದ ಎಳೆ ತೆಗೆದು ಮೂರೂ ತೂತು ಮುಚ್ಚುತ್ತಾರಂತೆ. ಅಸ್ತರಿಗೆ ಬಟ್ಟೆ ನಾನೇ ಆರಿಸಿದೆ, ಕಂದು ಬಣ್ಣದ್ದು.